ಹೊಗೆ ಕೊಳವೆಯ ಆರೈಕೆ: ಸಂಘದ ಸಭೆಗೆ ಒಂದು ಪಾಠ



ಈ ಸಲದ ಪಾಠ ಒಲೆಯ ಹಿಂದೆ ಗೋಡೆಗೆ ಹತ್ತಿಕೊಂಡು, ಮಾಳಿಗೆ ದಾಟಿ ಮೇಲೆ ಹೋಗುವ ಕೊಳವೆಯ ಬಗ್ಗೆ. ಪುಸ್ತಕದಲ್ಲಿ ಇದಕ್ಕೆ ಚಿಮಣಿ ಎಂದು ಬರೆಯುತ್ತಾರೆ. ನಮ್ಮ ಕಡೆ ಚಿಮಣಿ ಅಂದ್ರ ಎಣ್ಣಿ ಬುಡ್ಡಿ. ಇಂಡಿಯ ಗಡಿ ಊರುಗಳಲ್ಲಿ ಮರಾಠಿ ಮಾತಾಡುವವರಿಗೆ ಚಿಮಣಿ ಅಂದ್ರ ಗುಬ್ಬಿ. ಗೊಂದಲ ಬೇಡ ಎಂದು ನಾವು ಇಲ್ಲಿ ಹೊಗೆ ಕೊಳವೆ ಎಂದೇ ಕರೆಯುತ್ತೇವೆ.

"ಈಗ ಗ್ಯಾಸ್ ಬಂದದ, ಇನ್ನ ಹೊಗಿ ಕೊಳವಿ ಯಾಕ?" ಎಂದು ಕೆಲವರು ಕೇಳುತ್ತಾರೆ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಹಳ ಮನೆಗಳಿಗೆ ಸಿಲಿಂಡರ್ ಬಂದಿದೆ, ಸಂತೋಷ. ಆದರೆ ಆ ಮನೆಗಳ ಅಡಿಗೆಮನೆಗೆ ಹೋಗಿ ನೋಡಿದರೆ ಚಹಾ, ಪಲ್ಯ ಗ್ಯಾಸಿನ ಮೇಲೆ. ರೊಟ್ಟಿ, ಸ್ನಾನದ ನೀರು, ಎಮ್ಮೆಯ ಹಾಲು ಕಾಯಿಸುವುದು ಕಟ್ಟಿಗೆ ಒಲೆಯ ಮೇಲೆ. ಹೊಲದಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಪುಕ್ಕಟೆ ಸಿಗುತ್ತದೆ, ಕೊಟ್ಟಿಗೆಯಲ್ಲಿ ಕುಳ್ಳು ಇದೆ, ಇಂಡಿ ಭಾಗದಲ್ಲಿ ಲಿಂಬೆ ತೋಟದಲ್ಲಿ ಕಡಿದ ಟೊಂಗೆ ಇರುತ್ತದೆ. ಸಿಲಿಂಡರ್ ತುಂಬಿಸುವುದಕ್ಕೆ ಮಾತ್ರ ರೊಕ್ಕ ಬೇಕು. ಇನ್ನು ಖಡಕ್ ರೊಟ್ಟಿ ಮಾಡಿ ಮಾರುವ ಸಂಘಗಳಂತೂ ನಸುಕಿನಲ್ಲಿ ಕೂತರೆ ನಾಲ್ಕೈದು ತಾಸು ಬೆಂಕಿಯ ಮುಂದೆಯೇ. ಅಲ್ಲಿ ಕೊಳವೆ ಸರಿ ಇಲ್ಲದಿದ್ದರೆ ಆ ನಾಲ್ಕೈದು ತಾಸಿನ ಹೊಗೆ ಹೋಗುವುದು ನಮ್ಮ ಎದೆಯೊಳಗೇ.

ಹೊಗೆ ಬರೀ ಕಣ್ಣುರಿ, ಕೆಮ್ಮು ಅಲ್ಲ. ಚಿಕ್ಕ ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ದಮ್ಮು, ಕಣ್ಣಿಗೆ ಪೊರೆ, ಹೃದಯದ ಬೇನೆ, ಇವಕ್ಕೆಲ್ಲ ಒಲೆಯ ಹೊಗೆ ಕಾರಣವಾಗುತ್ತದೆ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಐದು ವರ್ಷದೊಳಗಿನ ಮಕ್ಕಳೇ 2 ಲಕ್ಷಕ್ಕೂ ಹೆಚ್ಚು. ರೊಟ್ಟಿ ಬಡಿಯುವಾಗ ಕೂಸು ಎಲ್ಲಿರುತ್ತದೆ? ತಾಯಿಯ ತೊಡೆಯ ಮೇಲೆ, ಇಲ್ಲವೇ ಪಕ್ಕದ ತೊಟ್ಟಿಲಲ್ಲಿ.

ಒಲೆ ಕಟ್ಟಿದರು, ಕೊಳವೆ ಮರೆತರು

ಕೊಳವೆ ಇರುವ ಒಲೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. 1980ರ ದಶಕದಲ್ಲಿ ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಒಂದೇ ಬೆಂಕಿಗೆ ಮೂರು ಪಾತ್ರೆ, ಕೆಳಗೆ ಕಬ್ಬಿಣದ ಜಾಲರಿ, ಹಿಂದೆ ಹೊಗೆ ಕೊಳವೆ. ಅದೇ ಕಾಲದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿ, 2002ರವರೆಗೆ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆ ಹಾಕಿಸಿತು. ಎಷ್ಟು ಒಲೆ ಕಟ್ಟಿದೆವು ಎಂಬ ಲೆಕ್ಕ ಪ್ರತಿ ವರ್ಷ ಬಂತು. ಕಟ್ಟಿದ ಒಲೆಯ ಕೊಳವೆ ತೆಗೆದು ಬಡಿದು ಮಸಿ ತೆಗೆಯುವವರು ಯಾರು ಎಂಬುದಕ್ಕೆ ಅಷ್ಟು ಗಮನ ಸಿಗಲಿಲ್ಲ.

ಒಡಿಶಾದಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. 44 ಹಳ್ಳಿಗಳ ಸುಮಾರು 2,600 ಮನೆಗಳಲ್ಲಿ ಕೊಳವೆ ಇರುವ ಮಣ್ಣಿನ ಒಲೆ ಕಟ್ಟಿಸಿ, ನಾಲ್ಕು ವರ್ಷದವರೆಗೆ ಪರೀಕ್ಷೆ ಮಾಡಿದರು. ಆ ಅಧ್ಯಯನ ಮಾಡಿದ ಮೂವರಲ್ಲಿ ಒಬ್ಬರು ಎಸ್ತರ್ ಡುಫ್ಲೋ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹೆಣ್ಣುಮಗಳು. ಮೊದಲನೇ ವರ್ಷ ಹೆಂಗಸರ ಎದೆಗೆ ಹೋಗುವ ಹೊಗೆ ಕಡಿಮೆಯಾಗಿತ್ತು. ಆಮೇಲಿನ ವರ್ಷಗಳಲ್ಲಿ ಒಲೆ ಇದ್ದ ಮನೆಗೂ ಇಲ್ಲದ ಮನೆಗೂ ಏನೂ ಫರಕು ಉಳಿಯಲಿಲ್ಲ. ಒಲೆ ಒಡೆದಿತ್ತು, ಅದರ ಉಸ್ತುವಾರಿ ನಡೆಯಲಿಲ್ಲ, ಬಳಸುವುದೇ ಕಡಿಮೆಯಾಗಿತ್ತು.

ಯಾಕೆ ಹೀಗಾಗುತ್ತದೆ? ನಮಗೆ ಕಾಣುವ ಕಾರಣ ಒಂದಿದೆ. ಒಲೆ ಹೆಂಗಸರದು, ಮಾಳಿಗೆ ಗಂಡಸರದು. ಕೊಳವೆಯ ಕೆಳಗಿನ ಅರ್ಧ ಅಡಿಗೆಮನೆಯಲ್ಲಿ, ಮೇಲಿನ ಅರ್ಧ ಮಾಳಿಗೆಯ ಮೇಲೆ. "ಮ್ಯಾಲ ಹತ್ತಿ ನೋಡ್ರಿ" ಎಂದು ಇವಳು ಹೇಳುತ್ತಾಳೆ, "ನಾಳಿ ನೋಡೋಣ ತಗೋ" ಎಂದು ಅವರು ಹೇಳುತ್ತಾರೆ. ಹೊಗೆ ಕುಡಿಯುವವಳು ಅವಳು, ಅದಕ್ಕೆ ಆ 'ನಾಳೆ' ಬರುವುದೇ ಇಲ್ಲ. ಆದ್ದರಿಂದಲೇ ಈ ಕೆಲಸ ಸಂಘದ ಕೈಗೆ ಬರಬೇಕು ಎಂಬುದು ನಮ್ಮ ಅಭಿಪ್ರಾಯ.

ಕೊಳವೆ ಹೊಗೆಯನ್ನು ಹೇಗೆ ಎಳೆಯುತ್ತದೆ

ಬಿಸಿ ಗಾಳಿ ಹಗುರ, ಮೇಲೆ ಏರುತ್ತದೆ. ಕೊಳವೆಯೊಳಗೆ ಬಿಸಿ ಗಾಳಿ ಏರಿದಂತೆ ಒಲೆಯ ಬಾಯಿಯಿಂದ ಹೊಸ ಗಾಳಿ ಒಳಗೆ ಬರುತ್ತದೆ, ಅದರ ಜೊತೆ ಹೊಗೆಯೂ ಮೇಲೆ ಹೋಗುತ್ತದೆ. ಕೊಳವೆ ತಣ್ಣಗಿದ್ದರೆ ಎಳೆತ ಇರುವುದಿಲ್ಲ. ಅದಕ್ಕೇ ಒಲೆ ಹಚ್ಚಿದ ಮೊದಲ ಕೆಲವು ನಿಮಿಷ ಹೊಗೆ ಹಿಂದಕ್ಕೆ ಬರುತ್ತದೆ. ಕೊಳವೆಯ ಬುಡದ ಕಿಂಡಿಯಲ್ಲಿ ಒಂದು ಕಾಗದದ ತುಂಡು ಹಚ್ಚಿ, ಕೊಳವೆ ಬೆಚ್ಚಗಾದ ಮೇಲೆ ಒಲೆ ಹಚ್ಚಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಹೊಗೆಯಲ್ಲಿ ಸುಡದೆ ಉಳಿದ ಕಣಗಳೂ ಅಂಟೂ ಇರುತ್ತವೆ. ಮೇಲೆ ಹೋಗುತ್ತ ತಣ್ಣಗಾದಂತೆ ಅವು ಕೊಳವೆಯ ಒಳಮೈಗೆ ಹತ್ತುತ್ತವೆ. ಅದೇ ಮಸಿ. ಹಸಿ ಕಟ್ಟಿಗೆ, ಮಳೆಯಲ್ಲಿ ತೋಯ್ದ ಕುಳ್ಳು ಉರಿಸಿದರೆ ಮಸಿ ಜಾಸ್ತಿ. ಒಂದು ಸಣ್ಣ ಲೆಕ್ಕ ನೋಡಿ. ಕೊಳವೆಯ ಬಾಯಿ 4 ಇಂಚು ಅಗಲ. ಸುತ್ತಲೂ ಅರ್ಧ ಇಂಚು ಮಸಿ ಕಟ್ಟಿತು ಅನ್ನಿ, ಉಳಿದದ್ದು 3 ಇಂಚು. "ಒಂದ ಇಂಚ್ ಹೋದ್ರ ಏನಾತು?" ಅನ್ನಬೇಡಿ. ನಾಲ್ಕ ನಾಲ್ಕಲೆ 16, ಮೂರ ಮೂರಲೆ 9. ಅಂದರೆ 16 ಪಾಲು ದಾರಿಯಲ್ಲಿ ಉಳಿದದ್ದು 9 ಪಾಲು ಮಾತ್ರ. ಹತ್ತಿರ ಹತ್ತಿರ ಅರ್ಧ ದಾರಿ ಮುಚ್ಚಿಹೋಗಿದೆ.

ಮಸಿ ಕಟ್ಟಿದೆ ಎಂದು ತಿಳಿಯುವುದು ಕಷ್ಟವಲ್ಲ. ಒಲೆ ಬಿಸಿಯಾದ ಮೇಲೂ ಬಾಯಿಯಿಂದ ಹೊಗೆ ಬರುತ್ತದೆ. ಮೊದಲಿನಷ್ಟೇ ಕಟ್ಟಿಗೆ ಹಾಕಿದರೂ ಹಂಚು ಕಾಯುವುದಿಲ್ಲ. ಊದುಗೊಳವೆ ಕೈಯಿಂದ ಇಳಿಯುವುದೇ ಇಲ್ಲ. ಕೊಳವೆಯ ಕೀಲಿನಲ್ಲಿ ಕರಿ ಅಂಟು ಸೋರಿ ಗೋಡೆಯ ಮೇಲೆ ಗೆರೆ ಬೀಳುತ್ತದೆ. ಇನ್ನೂ ಅನುಮಾನವಿದ್ದರೆ ಎರಡು ಪರೀಕ್ಷೆ ಇವೆ. ಒಲೆ ಹತ್ತಿ ಬಿಸಿಯಾದಾಗ ಊದಿನಕಡ್ಡಿ ಹಚ್ಚಿ ಒಲೆಯ ಬಾಯಿಯ ಹತ್ತಿರ ಹಿಡಿಯಿರಿ, ಅದರ ಹೊಗೆ ಒಳಗೆ ಎಳೆದುಕೊಂಡು ಹೋದರೆ ಕೊಳವೆ ಚಲೋ ಇದೆ. ಒಲೆ ಪೂರ್ತಿ ಆರಿದಾಗ ಬುಡದ ಕಿಂಡಿಯಲ್ಲಿ ಸಣ್ಣ ಕನ್ನಡಿ ಓರೆಯಾಗಿ ಹಿಡಿದು ಮೇಲಕ್ಕೆ ನೋಡಿ. ದುಂಡಗೆ ಆಕಾಶ ಕಾಣಬೇಕು. ಅರ್ಧ ಚಂದ್ರ ಕಂಡರೆ ಮಸಿ ಕಟ್ಟಿದೆ. ಏನೂ ಕಾಣದಿದ್ದರೆ ಒಲೆ ಹಚ್ಚಲೇಬೇಡಿ. ಮೇಲೆ ಟೊಪ್ಪಿಗೆ ಇದ್ದರೆ ಆಕಾಶದ ಬದಲು ಅದರ ಅಂಚಿನ ಬೆಳಕು ಕಾಣುತ್ತದೆ, ಅಷ್ಟು ಸಾಕು.

ಸ್ವಚ್ಛ ಮಾಡುವ ರೀತಿ

ತಿಂಗಳಿಗೆ ಒಮ್ಮೆ ಸ್ವಚ್ಛ ಮಾಡಬೇಕು. ತಾರೀಖು ಮರೆಯುತ್ತದೆ, ಅಮಾವಾಸ್ಯೆ ಮರೆಯುವುದಿಲ್ಲ. ಹೇಗೂ ಅದರ ಹಿಂದಿನ ದಿನ ಮನೆ ಸಾರಿಸುತ್ತೇವೆ, ಅದಕ್ಕೂ ಮೊದಲು ಕೊಳವೆ ಬಡಿದರೆ ಬಿದ್ದ ಮಸಿ ಸಾರಣೆಯಲ್ಲಿ ಹೋಗುತ್ತದೆ. ಕುಳ್ಳು ಹೆಚ್ಚು ಉರಿಸುವ ಮನೆ, ರೊಟ್ಟಿ ಮಾರುವ ಮನೆ ಹುಣ್ಣಿಮೆಗೂ ಮಾಡಬೇಕು. ಮಳೆಗಾಲದಲ್ಲಿ ಎಲ್ಲರೂ ಹದಿನೈದು ದಿನಕ್ಕೊಮ್ಮೆ ಮಾಡಿದರೆ ಒಳ್ಳೆಯದು.

ಬೇಕಾಗುವ ಸಾಮಾನು ಎಲ್ಲರ ಮನೆಯಲ್ಲೂ ಇದೆ. ಕೊಳವೆಯ ಎರಡರಷ್ಟು ಉದ್ದಕ್ಕಿಂತ ಸ್ವಲ್ಪ ಹೆಚ್ಚಿನ ಗಟ್ಟಿ ಹಗ್ಗ, ತೆಂಗಿನ ನಾರು ಅಥವಾ ಹಳೇ ಗೋಣಿ ತಟ್ಟು, ಒಂದು ಸಣ್ಣ ಕಲ್ಲು. ನಾರನ್ನೋ ತಟ್ಟನ್ನೋ ಉಂಡೆ ಮಾಡಿ ಹಗ್ಗದ ನಡುವೆ ಬಿಗಿಯಾಗಿ ಕಟ್ಟಿ. ಉಂಡೆ ಕೊಳವೆಯಲ್ಲಿ ತುಸು ಬಿಗಿಯಾಗಿ ಹೋಗಬೇಕು. ಸಡಿಲ ಇದ್ದರೆ ಮಸಿ ಬರುವುದಿಲ್ಲ, ಭಾಳ ಬಿಗಿ ಇದ್ದರೆ ನಡುವೆ ಸಿಕ್ಕಿಬೀಳುತ್ತದೆ. ಎರಡೂ ಕಡೆ ಹಗ್ಗ ಇರುವುದಕ್ಕೇ ಈ ಕ್ರಮ: ಸಿಕ್ಕರೆ ಹಿಂದಕ್ಕೆ ಎಳೆಯಬಹುದು.

ಒಲೆ ಹಿಂದಿನ ರಾತ್ರಿಯೇ ಆರಿಸಿರಬೇಕು. ಬೂದಿಯೊಳಗೆ ಕೆಂಡ ಉಳಿದಿದೆಯೇ ಎಂದು ಕೆದರಿ ನೋಡಿ. ಹಿಟ್ಟಿನ ಡಬ್ಬಿ, ನೀರಿನ ಕೊಡ ಹೊರಗೆ ಇಡಿ. ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಹಾಕಿದ್ದರೆ ಮೊದಲು ತೆಗೆಯಿರಿ (ಇದನ್ನು ಮರೆತರೆ ಆಮೇಲೆ ಅತ್ತೆಯ ಬಾಯಿಗೆ ಉತ್ತರ ಕೊಡುವುದು ಕಷ್ಟ). ಮೂಗು-ಬಾಯಿಗೆ ಎರಡು ಮಡಿಕೆ ಬಟ್ಟೆ ಕಟ್ಟಿ, ತಲೆಗೆ ಸೆರಗಿನ ಬದಲು ಹಳೇ ಅರಿವೆ ಬಿಗಿಯಾಗಿ ಸುತ್ತಿ. ಚಿಕ್ಕ ಮಕ್ಕಳು, ದಮ್ಮಿನ ಬೇನೆ ಇರುವವರು, ಬಸುರಿಯರು ಆ ಹೊತ್ತು ಒಳಗಿರಬಾರದು.

ಈ ಕೆಲಸಕ್ಕೆ ಇಬ್ಬರು ಬೇಕೇಬೇಕು. ಒಬ್ಬರು ಮೇಲೆ, ಒಬ್ಬರು ಕೆಳಗೆ. ಮೇಲಿನವರು ಹಗ್ಗದ ತುದಿಗೆ ಕಲ್ಲು ಕಟ್ಟಿ ಕೊಳವೆಯೊಳಗೆ ಇಳಿಬಿಡಬೇಕು. ಕೆಳಗಿನವರು ಬುಡದ ಕಿಂಡಿಯಲ್ಲಿ ಅದನ್ನು ಹಿಡಿದು, ಕಿಂಡಿಗೆ ಒದ್ದೆ ತಟ್ಟು ಅಡ್ಡ ಹಿಡಿದು, ನಿಧಾನವಾಗಿ ಉಂಡೆಯನ್ನು ಕೆಳಗೆ ಎಳೆಯಬೇಕು. ಆಮೇಲೆ ಮೇಲಿನವರು ಎಳೆಯಬೇಕು. ಹೀಗೆ ಐದಾರು ಸಲ. ಮಸಿ ಬೀಳುವುದು ನಿಂತ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಧೂಳು ಇಳಿದ ಮೇಲೆ ಕಿಂಡಿಯಿಂದ ಮಸಿ ತೋಡಿ ತೆಗೆಯಿರಿ. ಒಲೆಯ ಒಳಗೆ ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ಹೋಗುವ ದಾರಿಯಲ್ಲೂ ಬೂದಿ ಕೂತಿರುತ್ತದೆ, ಅದನ್ನೂ ಕೈಯಿಂದ ತೆಗೆಯಬೇಕು. ಕೊಳವೆ ಬಡಿದು ಈ ದಾರಿ ಬಿಟ್ಟರೆ ಮಾಡಿದ ಕೆಲಸ ಅರ್ಧ ವ್ಯರ್ಥ.

ಬುಡದಲ್ಲಿ ಕಿಂಡಿಯೇ ಇಲ್ಲದ ಒಲೆಗಳೂ ಇವೆ. ಗೌಂಡಿಗೆ ಹೇಳಿ ಒಂದು ಇಟ್ಟಂಗಿಯಷ್ಟು ಕಿಂಡಿ ಬಿಡಿಸಿಕೊಳ್ಳಿ. ದಿನಾ ಅದಕ್ಕೆ ಇಟ್ಟಂಗಿ ಇಟ್ಟು ಮಣ್ಣು ಮೆತ್ತಿದರೆ ಆಯಿತು. ಮೆತ್ತದೆ ಬಿಟ್ಟರೆ ಗಾಳಿ ಅಲ್ಲಿಂದ ನುಗ್ಗಿ ಒಲೆಯ ಎಳೆತ ಹೋಗುತ್ತದೆ.

ಮೇಲೆ ಹತ್ತುವ ವಿಷಯದಲ್ಲಿ ಎರಡು ಮಾತು. ನಿಚ್ಚಣಿಕೆಯನ್ನು ಕೆಳಗೆ ಒಬ್ಬರು ಹಿಡಿದಿರಬೇಕು. ಮಣ್ಣಿನ ಮಾಳಿಗೆ ಇದ್ದರೆ ಅಷ್ಟು ಭಯವಿಲ್ಲ, ಆದರೆ ತಗಡಿನ ಮನೆ, ಸಿಮೆಂಟ್ ಶೀಟಿನ ಮನೆ ಇದ್ದರೆ ಶೀಟಿನ ಮೇಲೆ ಕಾಲಿಡಲೇಬೇಡಿ, ಹಳೇ ಶೀಟು ಒಮ್ಮೆಲೇ ಮುರಿಯುತ್ತದೆ. ಅಂಥ ಮನೆಗಳಿಗೆ ಉದ್ದ ಬಿದಿರಿನ ಗಳದ ತುದಿಗೆ ನಾರು ಕಟ್ಟಿ ಕೆಳಗಿನಿಂದಲೇ ಬಡಿಯುವುದು ಕ್ಷೇಮ. ಕರೆಂಟಿನ ವೈರು ಹತ್ತಿರ ಹಾದುಹೋಗಿದ್ದರೆ ಗಳ, ಕಬ್ಬಿಣದ ಸಲಾಕೆ ಮೇಲೆತ್ತುವ ಕೆಲಸವೇ ಬೇಡ, ಲೈನ್‌ಮನ್‌ಗೆ ಹೇಳಿ ಲೈನು ಬಂದ್ ಮಾಡಿಸಿ.

ಕೆಲವರು ಕೊಳವೆಯ ಬುಡದಲ್ಲಿ ಒಣ ಹುಲ್ಲು, ಹತ್ತಿ ಕಟ್ಟಿಗೆ ತುರುಕಿ ಜೋರಾಗಿ ಉರಿ ಹಚ್ಚುತ್ತಾರೆ, ಮಸಿ ಸುಟ್ಟು ಹೋಗುತ್ತದೆ ಎಂದು. ಇದನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಮಸಿಗೆ ಬೆಂಕಿ ಹತ್ತಿದರೆ ಕೊಳವೆ ಸೀಳುತ್ತದೆ, ಕಿಡಿ ಹಾರಿ ಹಿತ್ತಲಿನ ಮೇವಿನ ಬಣವೆಗೆ ಬೀಳುತ್ತದೆ. ಮಸಿ ಗಟ್ಟಿಯಾಗಿ ಗಾಜಿನ ಹಾಗೆ ಕಟ್ಟಿ ಉಂಡೆಗೆ ಬರದಿದ್ದರೆ ಆ ತುಂಡು ಕೊಳವೆ ಬದಲಿಸುವುದೇ ದಾರಿ.

ನೋಡಿ ರಿಪೇರಿ ಮಾಡುವುದು

ಸ್ವಚ್ಛ ಮಾಡಿದ ದಿನವೇ ಕೊಳವೆಯನ್ನು ಬುಡದಿಂದ ತುದಿಯವರೆಗೆ ನೋಡಿಬಿಡಬೇಕು. ಕೀಲುಗಳಲ್ಲಿ ಬಿರುಕು, ಕರಿ ಗೆರೆ ಇದೆಯೇ? ತಗಡಿನ ಕೊಳವೆಯಾದರೆ ಬೆರಳಿನಿಂದ ತಟ್ಟಿ, ತುಕ್ಕು ಹಿಡಿದ ಕಡೆ ಸದ್ದು ಬೇರೆ ಬರುತ್ತದೆ, ಒತ್ತಿದರೆ ತಗ್ಗುತ್ತದೆ. ಇಟ್ಟಂಗಿಯ ಕೊಳವೆಯಾದರೆ ಬುಡದಲ್ಲಿ ಬಿದ್ದ ಮಸಿಯ ಜೊತೆ ಗಾರೆಯ ಚೂರು ಇದೆಯೇ ನೋಡಿ. ಇದ್ದರೆ ಒಳಗೆ ಸಂದು ಬಿಟ್ಟಿದೆ ಎಂದರ್ಥ.

ಸಣ್ಣ ಬಿರುಕಿಗೆ ಅಂಟು ಮಣ್ಣು, ಸೆಗಣಿ, ಸಣ್ಣಗೆ ಕತ್ತರಿಸಿದ ಹುಲ್ಲು, ಸ್ವಲ್ಪ ಬೂದಿ ಕಲಸಿ ಒಂದು ರಾತ್ರಿ ಬಿಟ್ಟು ಮರುದಿನ ಮೆತ್ತಬೇಕು. ಬಿರುಕಿನ ಬಾಯಿ ಮೊದಲು ಒದ್ದೆ ಮಾಡಿಕೊಳ್ಳದಿದ್ದರೆ ಮಣ್ಣು ಹಿಡಿಯುವುದಿಲ್ಲ. ನಮ್ಮ ಕರಿ ಎರೆಮಣ್ಣು ಒಂದೇ ಬಳಸಬೇಡಿ, ಒಣಗಿದ ಮೇಲೆ ಅದೇ ಹೊಲದ ಹಾಗೆ ಬಾಯಿ ಬಿಡುತ್ತದೆ. ಕೆಂಪು ಮಣ್ಣೋ ಮರಳೋ ಬೆರೆಸಿ. ಬೆಂಕಿಯ ಹತ್ತಿರ ಸಿಮೆಂಟ್ ಬೇಡ, ಕಾವಿಗೆ ಸೀಳುತ್ತದೆ. ಸಿಮೆಂಟಿನ ಜಾಗ ಮಾಳಿಗೆಯ ಮೇಲೆ, ಕೊಳವೆ ಹೊರಬರುವಲ್ಲಿ. ಅಲ್ಲಿ ಸುತ್ತಲೂ ಸಣ್ಣ ಕಟ್ಟೆ ಕಟ್ಟಿಸಿದರೆ ಮಳೆ ನೀರು ಕೊಳವೆಯ ಬುಡಕ್ಕೆ ಇಳಿಯುವುದಿಲ್ಲ. ಈ ಕೆಲಸ ಮಿರಗ ಕೂಡುವ ಮೊದಲೇ ಆಗಬೇಕು.

ಮಾಳಿಗೆ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನೋಡಬೇಕಾದ ಜಾಗ ಕೊಳವೆ ತೊಲೆ-ಜಂತಿಗಳ ನಡುವೆ ಹಾದುಹೋಗುವಲ್ಲಿ. ಕೊಳವೆಗೂ ಕಟ್ಟಿಗೆಗೂ ನಡುವೆ ಒಂದು ಗೇಣಾದರೂ ಅಂತರ ಇರಬೇಕು, ಆ ಅಂತರದಲ್ಲಿ ಕಲ್ಲು-ಮಣ್ಣು ತುಂಬಿರಬೇಕು. ದಿನಾ ಕಾವು ತಿಂದ ಕಟ್ಟಿಗೆ ಒಳಗೊಳಗೇ ಕರಕಾಗುತ್ತದೆ, ಹಾಗೆ ಕರಕಾದ ಕಟ್ಟಿಗೆ ಮೊದಲಿಗಿಂತ ಕಡಿಮೆ ಕಾವಿಗೇ ಹತ್ತಿಕೊಳ್ಳುತ್ತದೆ. "ಹತ್ತ ವರ್ಷದಿಂದ ಏನೂ ಆಗಿಲ್ಲ" ಎಂಬ ಮಾತು ಇಲ್ಲಿ ಧೈರ್ಯ ಕೊಡುವ ಮಾತಲ್ಲ. ಜಂತಿ ಮುಟ್ಟಿ ನೋಡಿ. ಬಣ್ಣ ಕಪ್ಪಾಗಿ ಕೈಗೆ ಪುಡಿ ಹತ್ತಿದರೆ ಅವತ್ತೇ ಒಲೆ ನಿಲ್ಲಿಸಿ ಗೌಂಡಿಯನ್ನು ಕರೆಸಿ.

ಕೊಳವೆಯ ತುದಿ ಮಾಳಿಗೆಯಿಂದ ಎರಡು-ಮೂರು ಅಡಿ ಮೇಲಿರಬೇಕು. ಪಕ್ಕದಲ್ಲಿ ಎತ್ತರದ ಗೋಡೆ ಇದ್ದರೆ ಅದಕ್ಕಿಂತ ಮೇಲೆ ಹೋಗಬೇಕು, ಇಲ್ಲದಿದ್ದರೆ ಗಾಳಿ ಹೊಗೆಯನ್ನು ಒಳಗೆ ತಳ್ಳುತ್ತದೆ. ತುದಿಯ ಟೊಪ್ಪಿಗೆ ಬಾಯಿಗೆ ಅಂಟಿಕೊಂಡು ಕೂತಿದ್ದರೆ ಮೇಲೆತ್ತಿಸಿ.

ಸಿಮೆಂಟ್ ಪೈಪ್ ಇರುವ ಮನೆಗಳಿಗೆ ಒಂದು ಎಚ್ಚರಿಕೆ. ಹಿಂದೆ ಹಾಕಿದ ಬಹಳ ಕೊಳವೆಗಳು ಆಸ್ಬೆಸ್ಟಾಸ್ ಸಿಮೆಂಟಿನವು. ಅದರ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ತರುತ್ತವೆ. ಸುಮ್ಮನೆ ನಿಂತ ಪೈಪಿನಿಂದ ಅಪಾಯ ಕಡಿಮೆ. ಕೊಯ್ದರೆ, ಉಜ್ಜಿದರೆ, ಕುಟ್ಟಿದರೆ ಅಪಾಯ. ಆದ್ದರಿಂದ ಅದಕ್ಕೆ ತಂತಿ ಬ್ರಷ್ ಹಾಕಬೇಡಿ, ನಾರು-ತಟ್ಟು ಮಾತ್ರ. ಒಡೆದರೆ ನೀರು ಚಿಮುಕಿಸಿ, ಚೂರುಗಳನ್ನು ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ಇಡಿ. ಹೊಸದು ಹಾಕಿಸುವವರು ಇಟ್ಟಂಗಿಯದೋ, ಸುಟ್ಟ ಮಣ್ಣಿನದೋ, ದಪ್ಪ ತಗಡಿನದೋ ಹಾಕಿಸಿ.

ಗುಳೆ ಹೋಗಿ ಬಂದ ಮನೆಗಳು

ನಮ್ಮ ಊರುಗಳಿಂದ ಗೋವಾ, ಮಹಾರಾಷ್ಟ್ರ, ಬೆಂಗಳೂರಿಗೆ ದುಡಿಯಲು ಹೋಗಿ ತಿಂಗಳುಗಟ್ಟಲೆ ಮನೆ ಬೀಗ ಹಾಕುವವರು ಬಹಳ. ಆ ತಿಂಗಳುಗಳಲ್ಲಿ ಕೊಳವೆಯಲ್ಲಿ ಗುಬ್ಬಿ ಗೂಡು ಕಟ್ಟುತ್ತದೆ, ಕಣಜ ಮಣ್ಣು ಮೆತ್ತುತ್ತದೆ, ಇಲಿ ಕಸ ತುಂಬುತ್ತದೆ. ದಣಿದು ಬಂದ ರಾತ್ರಿ ಒಲೆ ಹಚ್ಚಿ, ಥಂಡಿ ಎಂದು ಬಾಗಿಲು ಮುಚ್ಚಿ ಮಲಗಿದರೆ ಹೊಗೆ ಎಲ್ಲಿಗೆ ಹೋಗಬೇಕು? ಬಂದ ದಿನ ಕನ್ನಡಿ ಪರೀಕ್ಷೆ ಮಾಡದೆ ಒಲೆ ಹಚ್ಚಬೇಡಿ. ಆ ಒಂದು ರಾತ್ರಿಯ ಊಟವನ್ನು ನೆರೆಮನೆಯ ಸದಸ್ಯೆ ಕೊಟ್ಟರೆ ಇನ್ನೂ ಚಲೋ.

ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ ಗಾಳಿ ಹೆಚ್ಚು ಮೋಸದ್ದು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡ ಇಟ್ಟು, ಕಿಟಕಿಗೆ ಅರಿವೆ ತುರುಕುವ ರೂಢಿ ನಮ್ಮಲ್ಲಿದೆ. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ತಾಯಿ-ಕೂಸು ನಿದ್ದೆಯಲ್ಲೇ ಹೋಗಬಹುದು. ಬೆಚ್ಚಗೆ ಇರಿಸಲು ಕೌದಿ ಇದೆ, ಟೊಪ್ಪಿಗೆ ಇದೆ, ತಾಯಿಯ ಎದೆ ಇದೆ. ಅತ್ತೆಯವರಿಗೆ ಸೊಸೆ ಈ ಮಾತು ಹೇಳುವುದು ಕಷ್ಟ, ಅದನ್ನು ಸಭೆಯಲ್ಲಿ ಓದಿ ಹೇಳಿದರೆ ಸುಲಭ. ಬೆಂಕಿ ಇದ್ದ ಕೋಣೆಯಲ್ಲಿ ತಲೆನೋವು, ತಲೆ ತಿರುಗುವುದು, ವಾಂತಿ, ಒಬ್ಬರಿಗಲ್ಲ ಮನೆಮಂದಿಗೆಲ್ಲ ಒಮ್ಮೆಗೇ ಆದರೆ ತಕ್ಷಣ ಎಲ್ಲರನ್ನೂ ಹೊರಗೆ ತಂದು 108ಕ್ಕೆ ಫೋನ್ ಮಾಡಿ.

ಕೊಳವೆಗೇ ಬೆಂಕಿ ಹತ್ತಿದರೆ ಒಳಗೆ ಗಾಳಿ ಬೀಸಿದ ಹಾಗೆ ಭರ್ ಎಂದು ಸದ್ದು ಬರುತ್ತದೆ, ಮೇಲೆ ಕಿಡಿ ಹಾರುತ್ತದೆ. ಮಕ್ಕಳನ್ನು ಹೊರಗೆ ಕಳಿಸಿ. ಒಲೆಯ ಕಟ್ಟಿಗೆ ಹಿರಿದು, ಒಲೆಯ ಬಾಯಿಗೆ, ಪಾತ್ರೆಯ ತೂತುಗಳಿಗೆ ಒದ್ದೆ ತಟ್ಟು, ಹಸಿ ಮಣ್ಣು ಮುಚ್ಚಿ. ಗಾಳಿ ಸಿಗದಿದ್ದರೆ ಉರಿ ಇಳಿಯುತ್ತದೆ. ಕೊಳವೆಯೊಳಗೆ ನೀರು ಸುರಿಯಬೇಡಿ, ಕಾದ ಕೊಳವೆ ಸಿಡಿಯುತ್ತದೆ. ನೀರನ್ನು ಬಣವೆಯ ಮೇಲೆ, ಛಪ್ಪರದ ಮೇಲೆ ಹಾಕಿ. 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಿ.

ಸಭೆಯಲ್ಲಿ ಚರ್ಚಿಸಲು

ಸಂಘಕ್ಕೆ ಒಂದು ಹಗ್ಗ, ಒಂದು ಗಳ, ಒಂದು ಕನ್ನಡಿ ಸಾಕು, ಮನೆಗೊಂದು ಬೇಡ. ಇಬ್ಬಿಬ್ಬರ ಜೋಡಿ ಮಾಡಿ, ಠರಾವು ಪುಸ್ತಕದ ಹಿಂದಿನ ಪುಟದಲ್ಲಿ ಯಾರ ಮನೆ ಯಾವ ಅಮಾವಾಸ್ಯೆಗೆ ಆಯಿತು ಎಂದು ಬರೆದಿಡಿ. ಈ ಪ್ರಶ್ನೆಗಳನ್ನು ಮಾತಾಡಿ:

ನಮ್ಮ ಸಂಘದಲ್ಲಿ ಎಷ್ಟು ಮನೆಗಳಲ್ಲಿ ಹೊಗೆ ಕೊಳವೆ ಇದೆ? ಅದರಲ್ಲಿ ಎಷ್ಟು ಕೊಳವೆಯಿಂದ ನಿಜವಾಗಿ ಹೊಗೆ ಹೊರಗೆ ಹೋಗುತ್ತಿದೆ?

ಯಾರ ಮನೆಯಲ್ಲಿ ಕೊಳವೆ ಜಂತಿಗೆ ತಾಗಿದೆ? ಅದರ ರಿಪೇರಿಗೆ ಸಂಘದಿಂದ ಸಣ್ಣ ಸಾಲ ಕೊಡಬಹುದೇ?

ಒಬ್ಬಳೇ ಇರುವ ಅಜ್ಜಿ, ಮಾಳಿಗೆ ಹತ್ತಲಾರದವರು ನಮ್ಮ ಓಣಿಯಲ್ಲಿ ಯಾರಿದ್ದಾರೆ? ಬರುವ ಅಮಾವಾಸ್ಯೆಗೆ ಹಗ್ಗ ಮೊದಲು ಅವರ ಮನೆಗೆ ಒಯ್ಯುವವರು ಯಾರು?